ಸೇಬಿನ ಮುರಬ್ಬಕ್ಕೆ ಬೂಷ್ಟು ಬಂದದ್ದು

ಒಂದೂರು. ಆ ಊರಿಗೊಬ್ಬ ಶ್ರೀಮಂತ. ದೇವಸ್ಥಾನದ ಧರ್ಮದರ್ಶಿ, ಪ್ರವಚನಕ್ಕೆ ಬಂದರೆ ಮುಂದಿನ ಸಾಲಿನಲ್ಲೇ ಕೂರುವವನು. ಇಲ್ಲಿ ಮುಂದೆ ಕೂತವರು ಬೇಜಾರು ಮಾಡಿಕೊಳ್ಳಬೇಡಿ, ಅದು ಬೇರೆ ಊರು.

ಅವನಿಗೆ ಸಕ್ಕರೆ ಕಾಯಿಲೆ ಏರಿ ಆಸ್ಪತ್ರೆ ಸೇರಿದ. ನೋಡಲು ಬಂದವರೆಲ್ಲ ಸೇಬು ತಂದರು. ನೋಡಿ, ನಮ್ಮಲ್ಲಿ ಕಾಲು ಮುರಿದವನಿಗೂ ಸೇಬು, ಹೆತ್ತವಳಿಗೂ ಸೇಬು. ಅವನು ಮನೆಗೆ ಬರುವಾಗ ಜೊತೆಗೆ ಎರಡು ಬುಟ್ಟಿ ಸೇಬೂ ಬಂತು. ಕೊಳೆಯಲು ಬಿಡುವುದುಂಟೇ? ಹೆಂಡತಿ ಸೊಸೆಯ ಕೈಲಿ ಸಿಪ್ಪೆ ತೆಗೆಸಿ, ಹೋಳು ಮಾಡಿಸಿ, ಲವಂಗ ಚಕ್ಕೆ ಹಾಕಿ ಮೆತ್ತಗೆ ಬೇಯಿಸಿ, ಸಕ್ಕರೆ ಪಾಕ ಸೇರಿಸಿ, ನಿಂಬೆಹಣ್ಣು ಹಿಂಡಿ, ಮುರಬ್ಬ ಮಾಡಿ ಭರಣಿಗೆ ತುಂಬಿದಳು. ಗಂಡನಿಗೆ ಮಾತ್ರ, "ಆ ಕಡೆ ತಲೆ ಹಾಕಿಯೂ ಮಲಗಬೇಡಿ" ಎಂದಳು.

ಮಧ್ಯಾಹ್ನ ಹೆಂಗಸರು ಮಲಗಿದಾಗ ಅವನಿಗೆ ನಿದ್ದೆ ಬರುತ್ತದೆಯೇ? ಒಂದು ಚಮಚ ತಿಂದ. ಚಮಚ ನೆಕ್ಕಿದ. ನೆಕ್ಕಿದ ಚಮಚವನ್ನೇ ಮತ್ತೆ ಅದ್ದಿದ. ಹೀಗೆ ದಿನವೂ. ಹದಿನೈದು ದಿನಕ್ಕೆ ಮುರಬ್ಬದ ಮೇಲೆ ಬೂಷ್ಟು ಬಂತು.

"ಇದು ಈ ಹುಡುಗಿದೇ ಕೆಲ್ಸ. ಹೊರಗಾಗಿದ್ದಾಗ ಭರಣಿಗೆ ಕೈ ಹಾಕಿದಾಳೆ," ಎಂದಳು ಹೆಂಡತಿ. "ಆಚಾರ ಕಲಿಯೋವರೆಗೂ ತೌರಲ್ಲೇ ಇರಲಿ."

ಶ್ರೀಮಂತ ಅಲ್ಲೇ ಇದ್ದ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಕದ್ದು ತಿಂದದ್ದು ಹೊರಬೀಳುತ್ತದಲ್ಲ? ಹುಡುಗಿಯ ಮುಖ ನೋಡಲಾರದೆ ಕ್ಯಾಲೆಂಡರಿನ ದೇವರನ್ನು ನೋಡುತ್ತ, "ಹಿರಿಯರು ಸುಮ್ನೆ ಹೇಳಿಲ್ಲಮ್ಮ," ಎಂದ. ದೇವರು ಪಾಪ ಕ್ಯಾಲೆಂಡರಿನಲ್ಲೇ ಇದ್ದ, ಇಳಿದು ಬಂದು ಕಪಾಳಕ್ಕೆ ಬಿಡಲಿಲ್ಲ.

ಸೊಸೆ ಬ್ಯಾಗು ಕಟ್ಟಿದಳು. ಹೊರಡುವಾಗ ಒಂದು ಬಾಟಲಿ ತಂದು ಮೇಜಿನ ಮೇಲಿಟ್ಟಳು. "ಅತ್ತೆ, ಭರಣಿಲಿ ಹಿಡಿಸದೆ ಉಳಿದಿದ್ದನ್ನ ಇದಕ್ಕೆ ತುಂಬಿದ್ದೆ. ಹೊರಗಾಗಿದ್ದ ಮೂರು ದಿನವೂ ಇದರಿಂದಲೇ ಚಪಾತಿಗೆ ಹಾಕ್ಕೊಂಡು ತಿಂದೆ. ಒಣ ಚಮಚ ಬಿಟ್ಟು ಬೇರೆ ಹಾಕಿಲ್ಲ. ಇದಕ್ಯಾಕೆ ಬೂಷ್ಟು ಬರಲಿಲ್ಲ?"

ಅತ್ತೆ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಶ್ರೀಮಂತ ದೊಡ್ಡ ಮನುಷ್ಯನ ಗತ್ತಿನಲ್ಲಿ, "ಎಲ್ಲಿ, ಕೆಟ್ಟಿದೆಯೋ ಇಲ್ವೋ ನಾನು ನೋಡ್ತೀನಿ," ಎಂದು ಚಮಚ ತರಿಸಿದ. ತಿಂದ. ನೆಕ್ಕಿದ. ನೆಕ್ಕಿದ ಚಮಚವನ್ನು ಮತ್ತೆ ಬಾಟಲಿಗೆ ಅದ್ದಿದ. ಹದಿನೈದು ದಿನದ ಅಭ್ಯಾಸ, ಕೈ ಮಾತು ಕೇಳುತ್ತದೆಯೇ?

ಹೆಂಡತಿ ಆ ಚಮಚವನ್ನೇ ನೋಡಿದಳು. "ಎಷ್ಟು ದಿನದಿಂದ ನಡೀತಿದೆ ಇದು?" ಎಂದಳು. ಸೊಸೆಯ ಬ್ಯಾಗನ್ನು ತಾನೇ ಒಳಗೆ ತೆಗೆದುಕೊಂಡು ಹೋದಳು.

ನಗುತ್ತೀರಿ. ನಗಿ. ಆದರೆ ಮುರಬ್ಬ ಕೆಟ್ಟರೆ ತಿಪ್ಪೆಗೆ ಚೆಲ್ಲಬಹುದು, ಬ್ಯಾಗು ಹಿಡಿದು ಹೊಸ್ತಿಲಲ್ಲಿ ನಿಂತ ಹುಡುಗಿಯ ಮಾನವನ್ನು ಎಲ್ಲಿಂದ ತರುತ್ತೀರಿ? ಎಂಜಲು ಚಮಚ ಯಾರ ಕೈಯಲ್ಲಿತ್ತು? ಆಚಾರ ಹೇಳಿದವನ ಕೈಯಲ್ಲಿ. ಮೈಲಿಗೆ ಯಾವುದು? ಅವಳ ಮೂರು ದಿನವೇ, ಇವನ ಮುಚ್ಚಿದ ಬಾಯಿಯೇ?

ನಾಳೆಯಿಂದ ಮನೆಯಲ್ಲಿ ಹಾಲು ಒಡೆದರೆ, ಉಪ್ಪಿನಕಾಯಿ ಕೆಟ್ಟರೆ, ಸೊಸೆಯ ದಿನ ಲೆಕ್ಕ ಹಾಕಬೇಡಿ. ಆ ದಿನಗಳಲ್ಲೂ ಅಡುಗೆಮನೆ ಅವಳದೇ. ಸುಸ್ತಾದರೆ ಮಲಗಲಿ, ಒಲೆ ನೀವು ಹಚ್ಚಿ. ತಪ್ಪು ನಿಮ್ಮದಾಗಿದ್ದರೆ, ಅವಳು ಬ್ಯಾಗು ಕಟ್ಟುವ ಮೊದಲೇ, ಎಲ್ಲರೆದುರು "ಮಾಡಿದ್ದು ನಾನು" ಎನ್ನಿ. ಎರಡೇ ಪದ. ಸಹಸ್ರನಾಮ ಬಾಯಿಪಾಠ ಇರುವವರಿಗೆ ಇದೊಂದು ಕಷ್ಟವಾಗಬಾರದು.