ಕಾಯಿಲೆ ಬೀಳದ ಕೋತಿಗೆ ಐದು ಅಂಕ

ಸಭೆಯ ಅಧ್ಯಕ್ಷತೆ ವಹಿಸಿರುವ ಪರೀಕ್ಷಾ ಮಂಡಳಿಯ ಅಧ್ಯಕ್ಷರೇ, ಇಂದಿನ ಸನ್ಮಾನಿತರಾದ ಮುಖ್ಯ ಪರೀಕ್ಷಕರೇ, ಹೂಗುಚ್ಛದ ಹಿಂದೆ ಮುಖ ಕಾಣದಂತೆ ಕುಳಿತಿರುವ ಅತಿಥಿಗಳೇ, ಊಟದ ವಾಸನೆ ಬಂದರೂ ಕದಲದೆ ಕುಳಿತಿರುವ ಸಭಿಕರೇ,

ನಾನು ನಿವೃತ್ತ ಜೀವಶಾಸ್ತ್ರ ಅಧ್ಯಾಪಕಿ. ಮೂವತ್ತಾರು ವರ್ಷ ಸೇವೆ ಸಲ್ಲಿಸಿದ್ದೇನೆ. ಆಹ್ವಾನ ಪತ್ರಿಕೆಯಲ್ಲಿ ಮೂವತ್ತೈದು ಎಂದು ಅಚ್ಚಾಗಿದೆ. ಉಳಿದ ಒಂದು ವರ್ಷವನ್ನು ಮಂಡಳಿ ಯಾವ ನಿಯಮದಡಿ ಕಳೆಯಿತೋ ತಿಳಿಯದು. ಅದಕ್ಕಾಗಿ ಇಂದು ಜಗಳವಾಡುವುದಿಲ್ಲ. ಇಂದು ಬೇರೆ ಜಗಳವಿದೆ.

ಸನ್ಮಾನಿತರು ನನ್ನ ಶಿಷ್ಯರು. ತರಗತಿಯಲ್ಲಿ ಇವರಿಗೆ ‘ಗಡಿಬಿಡಿ’ ಎಂದು ಹೆಸರಿತ್ತು. ನಾನು ಪ್ರಶ್ನೆ ಮುಗಿಸುವ ಮೊದಲೇ ಎದ್ದು ನಿಂತು ಉತ್ತರ ಹೇಳಿಬಿಡುತ್ತಿದ್ದರು. ಉತ್ತರ ಸೊಗಸಾಗಿರುತ್ತಿತ್ತು, ಬೇರೊಂದು ಪ್ರಶ್ನೆಯದಾಗಿರುತ್ತಿತ್ತು, ಅಷ್ಟೇ. ಇವರೇ ಮುಂದೆ ಇಪ್ಪತ್ತೈದು ವರ್ಷ ಮಂಡಳಿಯ ಉತ್ತರಸೂಚಿಗಳನ್ನು ಬರೆದರು. ಯಾವ ಪ್ರಶ್ನೆಗೆ ಯಾವುದು ಸರಿಯುತ್ತರ ಎಂದು ಇವರು ಬರೆದಿಟ್ಟರೆ, ಮೌಲ್ಯಮಾಪಕರು ಅದನ್ನು ಪಕ್ಕದಲ್ಲಿಟ್ಟುಕೊಂಡು ಅಂಕ ಹಾಕುತ್ತಾರೆ. ಮೇಜಿನ ಮೇಲಿರುವ ಆ ಫಲಕವನ್ನು ನೋಡಿ. ‘ಒಂದೂ ತಪ್ಪಿಲ್ಲದ ಇಪ್ಪತ್ತೈದು ವರ್ಷ’ ಎಂದು ಕೆತ್ತಿಸಿದ್ದಾರೆ. ತಪ್ಪಾಗಲಿಲ್ಲವೇ, ಅಥವಾ ತಪ್ಪಾಯಿತೆಂದು ಒಪ್ಪಿಕೊಳ್ಳಲಿಲ್ಲವೇ? ಕೆತ್ತುವವನಿಗೆ ಆ ಪ್ರಶ್ನೆ ಬರುವುದಿಲ್ಲ. ನನಗೆ ಬರುತ್ತದೆ.

ಈ ವರ್ಷದ ಐದು ಅಂಕದ ಪ್ರಶ್ನೆಯೊಂದು ಹೀಗಿತ್ತು: ಎಚ್‌ಐವಿಯನ್ನು ಹೋಲುವ ವೈರಸ್ ದೇಹದಲ್ಲಿದ್ದರೂ ಕೆಲವು ಕೋತಿಗಳು ಕಾಯಿಲೆ ಬೀಳುವುದಿಲ್ಲ, ಏಕೆ? ಉತ್ತರಸೂಚಿಯಲ್ಲಿರುವುದು ಒಂದೇ ವಾಕ್ಯ: ‘ಅವುಗಳ ಪ್ರಬಲ ರೋಗನಿರೋಧಕ ಶಕ್ತಿಯು ವೈರಸ್ಸನ್ನು ಕೊಂದುಹಾಕುತ್ತದೆ.’ ಎಂಥ ಶೌರ್ಯ! ಎಂಥ ಪೌರುಷ! ಕೋತಿಯ ಕೈಗೆ ಕತ್ತಿ ಕೊಡುವುದೊಂದು ಬಾಕಿ.

ಸಭಿಕರೇ, ಕೊಲ್ಲುವುದಿಲ್ಲ. ಆಫ್ರಿಕಾದ ಕಾಡುಗಳಲ್ಲಿ ಮ್ಯಾಂಗಬಿ ಎಂಬ ಮಸಿಬಣ್ಣದ ಕೋತಿಯಿದೆ. ಅದರ ರಕ್ತದಲ್ಲಿ ಆ ವೈರಸ್ ತುಂಬಿ ತುಳುಕುತ್ತಿರುತ್ತದೆ. ಸೋಂಕು ತಗುಲಿದಾಗ ಅದರ ದೇಹವೂ ಸುಮ್ಮನಿರುವುದಿಲ್ಲ, ಸಿಡಿದೇಳುತ್ತದೆ. ಆದರೆ ಕೆಲವೇ ವಾರಗಳಲ್ಲಿ ಆ ಸಿಟ್ಟನ್ನು ತಾನೇ ಇಳಿಸಿಕೊಳ್ಳುತ್ತದೆ. ಕರುಳಿನ ಗೋಡೆ ಒಡೆಯದೆ ಉಳಿಯುತ್ತದೆ. ವೈರಸ್ ಹೊಕ್ಕಲು ಹುಡುಕುವ ಬಾಗಿಲುಗಳೂ ಅದರ ಮುಖ್ಯ ರಕ್ಷಕ ಕೋಶಗಳ ಮೇಲೆ ಕಡಿಮೆ. ಮನುಷ್ಯನ ದೇಹ ಹಾಗಲ್ಲ. ಅದು ಹಗಲಿರುಳು ಕಾದಾಡುತ್ತದೆ, ಕಾದಾಡುತ್ತಲೇ ಸವೆಯುತ್ತದೆ. ಸೋಂಕಿನಷ್ಟೇ, ಮುಗಿಯದ ಆ ಉರಿಯೂ ನಮ್ಮನ್ನು ಸುಡುತ್ತದೆ. ಇದನ್ನು ಕೇಳಿ ಯಾರೂ ಮಾತ್ರೆ ಬಿಡಬೇಡಿ, ನೀವು ಕೋತಿಗಳಲ್ಲ. ಈ ಸಭಾಂಗಣದಲ್ಲಿ ಬಹುತೇಕರ ಮಟ್ಟಿಗೆ ಅದು ನಿಜ.

ಇದೇ ಉತ್ತರವನ್ನು ಬರೆದ ಒಬ್ಬ ಅಭ್ಯರ್ಥಿಗೆ ಸೊನ್ನೆ ಬಂದಿದೆ. ಆ ಅಭ್ಯರ್ಥಿ ನನಗೆ ಯಾರೂ ಅಲ್ಲ. ಯಾರಿಗೇ ಅನ್ಯಾಯವಾಗಿದ್ದರೂ ನಾನು ಬರುತ್ತಿದ್ದೆ. ಮದುವೆಯಿಂದಾಗಿ ಆಕೆಯ ಓದು ಅರ್ಧಕ್ಕೆ ನಿಂತಿತ್ತು. ನಮ್ಮ ಯಜಮಾನರು ಹಾಸಿಗೆ ಹಿಡಿದಾಗ, ಅವರಿಗೆ ಬೆನ್ನು ಹುಣ್ಣಾಗದಂತೆ ಆಕೆಯೇ ಮಗ್ಗುಲು ಬದಲಿಸುತ್ತಿದ್ದಳು. ಕೊನೆಯ ತಿಂಗಳಲ್ಲಿ ಅವರು ನನ್ನ ಕೈಯಿಂದ ಗಂಜಿ ಕುಡಿಯುತ್ತಿರಲಿಲ್ಲ, ಆಕೆಯ ಕೈಯಿಂದ ಕುಡಿಯುತ್ತಿದ್ದರು. ನನಗೇನೂ ಬೇಸರವಾಗಲಿಲ್ಲ. ಮನೆಗೆ ಬರುತ್ತಿದ್ದ ನರ್ಸ್ ಒಂದು ದಿನ ಹೇಳಿದರು: “ಇಷ್ಟು ಚೆನ್ನಾಗಿ ನೋಡ್ಕೊಳ್ತೀರಲ್ಲಾ, ನೀವೇ ಯಾಕೆ ಟ್ರೈನಿಂಗ್ ಸೇರ್ಬಾರ್ದು?”

ಏನು ಪಿಸುಗುಟ್ಟುತ್ತಿದ್ದೀರಿ, ಮೂರನೆಯ ಸಾಲಿನವರೇ? ಹೌದು, ನನ್ನ ಸೊಸೆ. ಆಯಿತೇ? ಪಾಠ ಹೇಳಿಕೊಟ್ಟವಳೂ ನಾನೇ.

ಫಲಿತಾಂಶ ಬಂದ ದಿನ ಅವಳು ಅಳಲಿಲ್ಲ. ಒಲೆಯ ಮುಂದೆ ನಿಂತು, “ಅತ್ತೆ, ನೀವು ಹೇಳ್ಕೊಟ್ಟಿದ್ದನ್ನೇ ಬರೆದೆ. ಸೊನ್ನೆ ಬಂತು” ಎಂದಳು. ನರ್ಸಿಂಗ್ ತರಬೇತಿಗೆ ಬೇಕಾದ ಅಂಕಕ್ಕೆ ಎರಡು ಕಡಿಮೆ. ವಯಸ್ಸಿನ ಮಿತಿಯಿಂದಾಗಿ ಮುಂದಿನ ವರ್ಷ ಅವಳನ್ನು ಸೇರಿಸಿಕೊಳ್ಳುವುದಿಲ್ಲ. ಅಂದು ನಾನು ಊಟ ಮಾಡಲಿಲ್ಲ, ಹಸಿವಿರಲಿಲ್ಲ.

ಸನ್ಮಾನಿತರಿಗೆ ಫೋನ್ ಮಾಡಿದೆ.

“ಟೀಚರ್, ನೀವು ಹೇಳೋದು ಸರೀನೇ ಇರ್ಬಹುದು. ಆದ್ರೆ ಈಗ ಸೂಚಿ ತಿದ್ದಿದ್ರೆ ಫಲಕದ ಗತಿ ಏನು? ಕೆತ್ತಿಸಿ ಆಗಿದೆ.”

“ಮತ್ತೆ ಯಾವಾಗಪ್ಪಾ ತಿದ್ತೀಯಾ?”

“ಸನ್ಮಾನ ಒಂದು ಮುಗೀಲಿ, ಟೀಚರ್.”

“ಸನ್ಮಾನ ಯಾವತ್ತು?”

“ಶನಿವಾರ.”

“ಆಕ್ಷೇಪಣೆಗೆ ಕೊನೇ ದಿನ?”

“ಅದೂ... ಶನಿವಾರಾನೇ.”

ನೋಡಿದಿರಾ ಲೆಕ್ಕಾಚಾರ! ನಾನು ಮಂಡಳಿಗೂ ಬರೆದೆ. ಒಂದು ಪುಟ್ಟ ತಪ್ಪು ವೈರಸ್ಸಿನಂತೆ ಒಳಹೊಕ್ಕಿದ್ದಷ್ಟೇ. ಇಡೀ ಮಂಡಳಿಗೆ ಜ್ವರ ಏರಿತು. ಸುತ್ತೋಲೆ ಹೊರಟಿತು. ಉಪಸಮಿತಿ ಹುಟ್ಟಿತು. ‘ಆಕ್ಷೇಪಿಸಿದವರ ಅರ್ಹತೆಯನ್ನು ಪರಿಶೀಲಿಸತಕ್ಕದ್ದು’ ಎಂದು ಠರಾವಾಯಿತು. ಯಾರ ಅರ್ಹತೆ? ನನ್ನದು! ಮ್ಯಾಂಗಬಿಯಾಗಿದ್ದರೆ ಎರಡು ದಿನ ಹಾರಾಡಿ, ತಪ್ಪನ್ನು ತಿದ್ದಿ, ಹಣ್ಣು ತಿನ್ನಲು ಹೋಗುತ್ತಿತ್ತು.

ಬೆಳಿಗ್ಗೆ ನಾನು ಸೀರೆ ಉಡುವಾಗ ಸೊಸೆ ಬಾಗಿಲಿಗೆ ಅಡ್ಡ ನಿಂತಿದ್ದಳು. “ಹೋಗ್ಲಿ ಬಿಡಿ ಅತ್ತೆ. ಎಲ್ರ ಮುಂದೆ ನಿಮ್ಮ ಶಿಷ್ಯರ ಮರ್ಯಾದೆ ಯಾಕೆ ತೆಗೀತೀರಿ?”

“ಆ ಮರ್ಯಾದೆ ಕೊಟ್ಟವಳೇ ನಾನು ಕಣೇ. ಸ್ವಲ್ಪ ವಾಪಸ್ ತಗೊಂಡ್ರೆ ಏನಂತೆ?” ಎಂದೆ. ನಕ್ಕಳು. ನಮ್ಮ ಮನೆಯಲ್ಲಿ ಆ ನಗು ಕೇಳಿ ಬಹಳ ದಿನವಾಗಿತ್ತು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನಾನೂ ಅದನ್ನೇ ನೋಡುತ್ತಿದ್ದೇನೆ. ಆಕ್ಷೇಪಣೆ ತೆಗೆದುಕೊಳ್ಳುವ ಕಚೇರಿಯ ಕಿಟಕಿ ಇಂದು ಎರಡು ಗಂಟೆಗೆ ಮುಚ್ಚುತ್ತದೆ. ಕಚೇರಿ ಇದೇ ಕಟ್ಟಡದ ಕೆಳ ಮಹಡಿಯಲ್ಲಿದೆ. ಸನ್ಮಾನಿತರೇ... ಆ ಬಹುವಚನ ಸಾಕು. ಏಳೋ ಗಡಿಬಿಡಿ, ಬಾ ಇಲ್ಲಿ. ಈ ಲಕೋಟೆ ತೆಗೆದುಕೋ. ಇದರಲ್ಲಿ ಮೊದಲನೆಯದು ಆಕ್ಷೇಪಣೆಯ ಪತ್ರ. ಎರಡನೆಯದು ಸೊಸೆಯ ಉತ್ತರದ ನಕಲು. ಮೂರನೆಯದು ನಿಮ್ಮದೇ ಮಂಡಳಿಯ ಪಠ್ಯದ ಪುಟ. ಅವಳು ಬರೆದದ್ದೇ ಅಲ್ಲಿಯೂ ಅಚ್ಚಾಗಿದೆ, ಸೂಚಿ ಬರೆಯುವವರು ಪಠ್ಯ ಓದಬೇಕೆಂಬ ನಿಯಮ ಇಲ್ಲವೆಂದು ಕಾಣುತ್ತದೆ. ನಾಲ್ಕನೆಯದು ಖಾಲಿ ಹಾಳೆ. ಅದು ನಿನಗೆ. ಆ ಕೋತಿಗಳು ಕಾಯಿಲೆ ಬೀಳುವುದಿಲ್ಲ, ಏಕೆ? ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರ ಬರೆ, ಕೆಳಗೆ ಸಹಿ ಹಾಕು. ನೀನು ಬರೆಯುವಷ್ಟು ಹೊತ್ತೂ ನಾನು ಇಲ್ಲೇ ನಿಂತಿರುತ್ತೇನೆ. ಮೂವತ್ತಾರು ವರ್ಷ ನಿಂತೇ ಅಭ್ಯಾಸ. ಸರಿಯಾಗಿದ್ದರೆ ಐದಕ್ಕೆ ಐದು ಕೊಡುತ್ತೇನೆ. ನಾನು ಯಾರ ಅಂಕವನ್ನೂ ಇಟ್ಟುಕೊಂಡವಳಲ್ಲ.

ಇಷ್ಟು ಹೊತ್ತು ಹಸಿದುಕೊಂಡು ಕೇಳಿದ ನಿಮಗೆಲ್ಲ ಕೃತಜ್ಞತೆಗಳು. ದಯವಿಟ್ಟು ಗದ್ದಲ ಮಾಡಬೇಡಿ, ಹುಡುಗ ಬರೆಯುತ್ತಿದ್ದಾನೆ. ನಮಸ್ಕಾರ.