ಗೋವಿನಜೋಳದ ಕಾಟಾದ ಮ್ಯಾಲೆ

ಇಲ್ರಿ ವೈನಿ, ನೀವು ನಂಬೂದಿಲ್ಲ! ದೇವರಾಣಿ ನಂಬೂದಿಲ್ಲ! ತಡೀರಿ, ಮೊದಲ ಕುಂದರ್ತೀನಿ... ಕಲಘಟಗಿಯಿಂದ ಇಲ್ಲೀ ತನಕ ಬಸ್ಸಿನ್ಯಾಗ ನಿಂತ ಬಂದೀನಿ, ಕಾಲು ಕಾಲಾಗಿ ಉಳದಿಲ್ಲ. ಹುಶ್ಶ್... ಏನಾತು ಗೊತ್ತೇನ್ರಿ? ಏರೇತ್ರಿ! ತೂಕ ಏರೇತಿ! ಇಳದಿಲ್ಲ. ಇದ್ದಷ್ಟ ಇದ್ರೂ ಒಂದ ಮಾತಿತ್ತು, ಅದೂ ಇಲ್ಲ. ಏರೇತಿ!

ಅಲ್ರಿ, ಅನ್ನಾ ಬಿಟ್ಟೀನಿ, ಸಕ್ರಿ ಬಿಟ್ಟೀನಿ, ಮುಂಜಾನೆದ್ದು ಊರ ನಾಯಿ ಎಲ್ಲಾ ಬೆನ್ನ ಹಚ್ಚಿಕೊಂಡು ಬಮ್ಮಿಗಟ್ಟಿ ರಸ್ತಾ ತುಳದೀನಿ. ಅಷ್ಟ ಮಾಡಿದ ಮ್ಯಾಲೂ ಏರೂದಂದ್ರ ಏನ್ರಿ ಇದು? ಜಗತ್ತಿನ್ಯಾಗ ಯಾರಿಗರ ಹಿಂಗ ಆಗೇತೇನ್ರಿ?

ಹಾಂ? ಸಣ್ಣ ದನಿಲೆ... ಹೌದ್ರಿ, ಹೌದ್ರಿ, ಅಣ್ಣ ಮಲಗ್ಯಾನಲ್ಲ. ಮರತ ಬಿಟ್ನಿ. ಯಾವಾಗ ಕಣ್ಣ ಮುಚ್ಚಿದ? ಗಂಜಿ ಕುಡದ್ನೇನ್ರಿ?... ಅರ್ಧಾ? ಅರ್ಧಾನರ ಹೊಟ್ಟಿಗೆ ಹೋತಲ್ಲ, ಬಿಡ್ರಿ. ನೀವು ಜ್ವಾಳಾ ಹಸನ ಮಾಡ್ರಿ, ಮಾಡ್ರಿ, ನಾ ಇಲ್ಲೆ ಕಂಬಕ್ಕ ಬೆನ್ನ ಹಚ್ಚಿ ಕುಂತು ಹೇಳ್ತೀನಿ.

ಎಲ್ಲಿ ತೂಗಿಸಿದಿ ಅಂತೀರಿ? ಭರಮಪ್ಪ ಕಾಕಾನ ದಲಾಲಿ ಅಂಗಡ್ಯಾಗ್ರಿ. ಗೋವಿನಜೋಳ ತೂಗೂ ಕಾಟಾದ ಮ್ಯಾಲೆ! ಮತ್ತೆಲ್ಲಿ ನಿಂದರ್ಲಿ? ನನ್ನಂಥಾವನ್ನ ತಡಕೊಳ್ಳೂ ಕಾಟಾ ಅದೊಂದ. ಚಪ್ಪಲಿ ಬಿಟ್ನಿ, ಮೊಬೈಲ್ ತಗದಿಟ್ನಿ, ಕಿಸೆದಾಗಿನ ಬೀಗದ ಕೈ ಸುದ್ದಾ ತಗದಿಟ್ನಿ. ಕೊಳ್ಳಾಗಿನ ಲಿಂಗ ಒಂದ ತಗೀಲಿಲ್ಲ ನೋಡ್ರಿ. ಉಸರ ಬಿಗಿ ಹಿಡದು ನಿಂತ್ನಿ, ಉಸರ ಬಿಟ್ರ ಅದೂ ತೂಕಕ್ಕ ಹಿಡೀತೈತೇನೋ ಅಂತ! ಚೀಲ ಹೊತ್ತ ಹಮಾಲರು ಹೊತ್ತ ಹೊತ್ತಂಗ ನಿಂತ ಬಿಟ್ರು. ಆ ಕೆಂಪ ಅಂಕಿ ಟಕಾ ಟಕಾ ಓಡಿ ನಿಂತು. ಭರಮಪ್ಪ ಕಾಕಾ ಮೂಗಿನ ಮ್ಯಾಲೆ ಚಾಳೀಸ ಏರಿಸಿ ನೋಡಿ ಅಂತಾನ, "ಮಾಲು ಹಸಿ ಐತಲೇ ಪ್ರಭು! ಇನ್ನೊಂದೀಟು ಬಿಸಲಿಗೆ ಹಾಕಿ ಒಣಗಿಸ್ಕೊಂಡು ಬಾ, ಈ ತೇವಕ್ಕ ನಾ ರೇಟ್ ಹಚ್ಚಂಗಿಲ್ಲ!"

ನಗಾಕತ್ತೀರಿ? ನಗ್ರಿ, ನಗ್ರಿ... ನೀವು ನಕ್ಕದ್ದ ನೋಡಿ ಎಷ್ಟ ದಿವಸಾತು. ನನ್ನಿಂದ ಅಷ್ಟರ ಆತಲ್ಲ.

ಆದ್ರ ನಗೂ ಹೊತ್ತ ಅಲ್ರಿ ಇದು. ದವಾಖಾನ್ಯಾಗ ತೂಕ ತೋರಸೂ ಸೋಮವಾರ ಬಂದ ಬಿಡ್ತು. ಹುಬ್ಬಳ್ಳಿ ಡಾಕ್ಟರ್ ಅವತ್ತ ನಿಮ್ಮ ಮುಂದನ ಅಂದ್ರಲ್ಲ... ಅಣ್ಣ ಸಿದ್ಧಾರೂಢನ ಲಿವರ್ ಪೂರ್ತಿ ಕೆಟ್ಟೇತಿ, ತಮ್ಮನ ಲಿವರಿನ ತುಂಡ ತಗದು ಹಚ್ಚಿದ್ರ ಉಳೀತಾನ, ರಕ್ತ ಕೂಡೇತಿ, ಆದ್ರ ತಮ್ಮನ ಲಿವರಿನ್ಯಾಗೂ ಕೊಬ್ಬ ಕುಂತೈತಿ, ತೂಕ ಇಳಿಸ್ಕೊಂಡ ಬಂದ್ರ ಕೊಯ್ಯೂದು, ಇಲ್ಲಾಂದ್ರ ಇಲ್ಲ ಅಂತ. ಅಣ್ಣ ಒಂದ ಹನಿ ಕುಡದಾವಲ್ಲ! ಕಣ್ಣ ಹಳದಿ ಮಾಡೂ ಆ ಹಾಳ ಕಾಮಣಿ ಬಂದದ್ದ ನೆವ ಆತು. ಕುಡಿಯಾವ್ರು ಅಡ್ಡಾಡಕೋತ ಅದಾರ, ಇಂವಾ ಹಾಸಿಗಿ ಹಿಡದಾನ... ಇರ್ಲಿ ಬಿಡ್ರಿ, ಅಳಬ್ಯಾಡ್ರಿ. ನಾ ಅದಕ್ಕ ಹೇಳಾಕ ಬರಲಿಲ್ಲ.

ನಾ ಏನ್ ಹೇಳಾಕ ಬಂದ್ನೆಂದ್ರ, ನಾ ಸುಮ್ಮನ ಕುಂತಿದ್ದಿಲ್ರಿ. ನೀವ ನೋಡೀರಲ್ಲ! ನಮ್ಮ ದೇವಿಕೊಪ್ಪದಾಗ ಜಿಮ್ ಎಲ್ಲಿಂದ ಬರಬೇಕು? ಒಂದ ತಾಲೀಮಿನ ಮನಿ ಇತ್ತು, ಅದರಾಗ ಯಾರೋ ಮೇವಿನ ಹೊಟ್ಟ ತುಂಬಿ ಬೀಗ ಹಾಕ್ಯಾರ. ಮೊಬೈಲಿನ್ಯಾಗ ವ್ಯಾಯಾಮ ಕಲಸೂ ಮನಶಾ ಹೇಳ್ತಾನ, ಜಿಮ್ ಬ್ಯಾಡ, ಮನ್ಯಾಗಿನ ಸಾಮಾನ ಸಾಕು ಅಂತ. ಸಾಕು ಅಂತ! ದನದ ಹಗ್ಗ ತಗೊಂಡು ಹಿತ್ತಲದಾಗ ಜಿಗದ್ನಿ, ಎಮ್ಮಿ ಹೆದರಿ ಹಾಲ ಕೊಡದ ಏರಿಸ್ಕೊಂತು. ಅವ್ವ ನನ್ನ ಬೈದ್ಲೋ ಎಮ್ಮಿನ ಬೈದ್ಲೋ ಗೊತ್ತಾಗಲಿಲ್ಲ. ಟ್ರ್ಯಾಕ್ಟರ್ ಟೈರ್ ಹೊಳ್ಳಿಸಾಕ ಹೋಗಿ ಸ್ವಂಟ ಹಿಡೀತು, ನೀವ ಎಣ್ಣಿ ಕಾಸಿ ಕೊಟ್ರಿ. ಖರೇನೋ ಸುಳ್ಳೋ? ಖರೇ ಅಲ್ರಿ?

ಆಮ್ಯಾಲೆ ನಡ್ಯೂದು. ನಡ್ಯಾಕ ಏನ ಬೇಕ್ರಿ? ಕಾಲ ಇದ್ರ ಸಾಕು ಅಂತ ನಾನೂ ತಿಳದಿದ್ನಿ. ಆದ್ರ ನಮ್ಮ ಮಂದಿ ನಡ್ಯಾಕ ಬಿಡಬೇಕಲ್ಲ! ಬಮ್ಮಿಗಟ್ಟಿ ರಸ್ತಾದಾಗ ಒಬ್ಬ ಮನಶಾ ಸುಮ್ಮನ ನಡಕೊಂಡು ಹೊಂಟಾನಂದ್ರ ಏನೋ ಆಗೇತಿ ಅಂತನ ಅರ್ಥ. ಸುಭಾಸ ಹಾಲಿನ ಕ್ಯಾನ್ ಕಟ್ಟಿಕೊಂಡು ಬಂದಾವ ಗಕ್ಕನ ಗಾಡಿ ನಿಲ್ಲಿಸ್ತಾನ, "ಯಾಕಲೇ, ಗಾಡಿ ಕೆಟ್ಟೈತೇನು? ಮನ್ಯಾಗ ಜಗಳಾಡಿ ಬಂದೀಯೇನು? ಹತ್ತು, ಹತ್ತು!" ವಾಕಿಂಗೋ ಮಾರಾಯಾ ಅಂದ್ರ, "ಹುಚ್ಚ ಸೂಳೇಮಗನ, ಅಣ್ಣಗ ಆರಾಮಿಲ್ಲಂತ ನೀನೂ ಹಿಂಗ ಕಾಲ ಸವೆಸ್ಕೋಬೇಕೇನು, ಹತ್ತು!" ನಡಕೊಂಡ ಹೊಂಟಾವನ್ನ ಬಿಟ್ಟ ಹೋದ್ರ ಪಾಪ ಅಂತ ತಿಳದ ಮಂದಿರಿ ಇವರು. ಏನ್ ಮಾಡ್ಲಿ? ಹತ್ತಿದ್ನಿ.

ಉಣ್ಣೂದರ ಕಥಿ ಕೇಳಬ್ಯಾಡ್ರಿ. ಅಲ್ಲ, ನಿಮಗ ಗೊತ್ತೈತಿ. ಪ್ರಭು ತನ್ನ ಅಣ್ಣಗ ಹೊಟ್ಟ್ಯಾಗಿಂದು ತಗದ ಕೊಡ್ತಾನಂತ ಅನ್ನೂ ಸುದ್ದಿ ಓಣ್ಯಾಗ ಹಬ್ಬಿದ್ದ ತಡ, ನಾ ಬಾಣಂತಿ ಆಗಿ ಬಿಟ್ನಿ! ಮೈಲಾರವ್ವಾಯಿ ಡಬ್ಬಿ ತುಂಬ ಅಂಟಿನುಂಡಿ ಕಟ್ಟಿಕೊಂಡ ಬಂದ್ಲು. ಕೊಬ್ಬರಿ, ಉತ್ತತ್ತಿ, ತುಪ್ಪ ಸುರೀತಿತ್ರಿ. ನಾ ಅಂದ್ನಿ, ಆಯಿ, ಇದನ್ನ ಹಡದ ಮ್ಯಾಲೆ ಕೊಡ್ತಾರಬೇ, ನಾ ಏನ್ ಹಡದೀನಿ? "ಕೊಯ್ಯೂದೈತಲೋ ತಮ್ಮಾ, ರಕ್ತ ಹೋಗತೈತಿ, ಮೊದಲ ತುಂಬಿಸ್ಕೊಂಡ್ರ ಆಮ್ಯಾಲೆ ತ್ರಾಸಿಲ್ಲ" ಅಂತ! ಡಾಕ್ಟರ್ ಇಳಸಂದ್ರ ಓಣಿ ತುಂಬಸಂತು. ಒಬ್ರು ಗಿಣ್ಣ ತಂದ್ರು, ಒಬ್ರು ಶ್ಯಾವಿಗಿ ಪಾಯಸ. ಒಲ್ಲೆ ಅಂದ್ರ ಕಣ್ಣಾಗ ನೀರ ತರ್ತಾರ. "ನಿಮ್ಮಣ್ಣನ ಸಲುವಾಗಿ ತಿನ್ನಪಾ" ಅಂತಾರ. ಅಣ್ಣನ ಹೆಸರ ಹೇಳಿದ ಮ್ಯಾಲೆ ಹೆಂಗ ಒಲ್ಲೆ ಅನ್ನೂದ್ರಿ? ಬಾಯಿ ತಗೀಬೇಕು, ನುಂಗಬೇಕು. ಇದರಾಗ ನನ್ನ ತಪ್ಪೇನೈತಿ, ನೀವ ಹೇಳ್ರಿ.

...ಹೇಳ್ರಿ.

ಮೊರಾ ಯಾಕ ಕೆಳಗಿಟ್ರಿ?

ಇಲ್ಲ, ಕಾಟಾದ್ದೂ ದೋಷ ಇರ್ಬೇಕ್ರಿ. ದಲಾಲಿ ಅಂಗಡಿ ಕಾಟಾ, ಅದರ ಭರೋಸಾ ಏನ್ರಿ... ಅಲ್ಲಲ್ಲ, ಭರಮಪ್ಪ ಕಾಕಾ ಅಂಥಾವಲ್ಲ. ಅಂಗಿ ಬ್ಯಾರೆ ಬೆವರಿಗೆ ತೊಯ್ದಿತ್ತು. ಒಂದ ಅಂಗಿ ಬೆವರ ಎಷ್ಟ ತೂಕ ಇರತೈತ್ರಿ? ಇರಬೋದು...

ಹಂಗ್ಯಾಕ ನೋಡಾಕತ್ತೀರಿ? ಉಂಡಿ ತಿಂದೀನಂತ ಹೇಳಿದ್ನೆಲ್ರಿ, ಮುಚ್ಚಿಟ್ಟಿಲ್ಲ. ಒಂದ ತಿಂದ್ನಿ. ಆಯಿ ಮನಸ ನೋಯಬಾರದಂತ ಒಂದ. ಉಳದದ್ದ ಸಾಲಿ ಹುಡುಗರಿಗೆ ಹಂಚಿದ್ನಿ... ಎಲ್ಲಾ ಅಲ್ಲ. ಒಂದೀಟು. ಉಳದದ್ದು... ನಾಯಿಗೆ... ವೈನಿ, ನಾಯಿಗೆ ಅಂಟಿನುಂಡಿ ಯಾರರ ಹಾಕ್ತಾರೇನ್ರಿ, ನಾನೂ ಎಂಥಾ ಸುಳ್ಳ ಹೇಳಾಕತ್ತೀನಿ. ತಿಂದ್ನಿ. ಅಟ್ಟದ ಮ್ಯಾಲೆ ಕುಂತು ತಿಂದ್ನಿ. ನಿಮಗ ಗೊತ್ತಿತ್ತು? ಗೊತ್ತಿತ್ತಲ್ಲ? ಗೊತ್ತಿದ್ದೂ ನೀವು ನನಗ ಬ್ಯಾರೆ ಭಾಂಡ್ಯಾದಾಗ ಎಣ್ಣಿ ಇಲ್ಲದ ಪಲ್ಯಾ ಮಾಡಾಕತ್ತಿದ್ರಿ? ಅಣ್ಣಗ ಉಪ್ಪಿಲ್ಲದ್ದೊಂದು, ನನಗ ಎಣ್ಣಿ ಇಲ್ಲದ್ದೊಂದು, ಎರಡ ಒಲಿ ಮುಂದ ನೀವು ಸುಟಗೊಂತ... ಯಾಕ್ರಿ? ಒಂದ ಮಾತ ಕೇಳಬೇಕಿಲ್ಲ? ಒಮ್ಮೆರ ಬೈಬೇಕಿಲ್ಲ?

ಏನರ ಅನ್ರಿ ವೈನಿ. ಹೊಡೀರಿ ಬೇಕಾದ್ರ.

ಸುಭಾಸ ಮೊದಲ ಎರಡ ದಿನಾ ಗಾಡಿ ನಿಲ್ಲಿಸಿದ್ದು ಖರೇ. ಆಮ್ಯಾಲೆ ಅವಗೂ ತಿಳೀತು, ನಿಲ್ಲಸೂದ ಬಿಟ್ಟಾ. "ನಡಿ ನಡಿ, ಚೊಲೋ ಮಾಡಾಕತ್ತಿ" ಅಂತಿದ್ದಾ. ಆಮ್ಯಾಲೆ ನಾನ... ನಾನ ಊರ ದಾಟಿ ಗಿಡದ ಬುಡಕ ನಿಂತು ಬರೂ ಗಾಡಿಗೆ ಕೈ ಮಾಡ್ತಿದ್ನಿ. ಬಮ್ಮಿಗಟ್ಟಿಗೆ ಹೋಗಿ ಮಿರ್ಚಿ ಗಿರ್ಮಿಟ್ ತಿಂದು, ಹೊಳ್ಳಿ ಬರುವಾಗ ನಮ್ಮ ಹೊಲದ ಬಾಂವ್ಯಾಗಿನ ನೀರ ಮಾರಿಗೆ ಹೊಡಕೊಂಡು ಬರ್ತಿದ್ನಿ, ಬೆವತಂಗ ಕಾಣ್ಲಿ ಅಂತ. ನೀವು ಟಾವೆಲ್ ಕೊಡ್ತಿದ್ರಿ. ನಿಂಬಿ ನೀರ ಕೊಡ್ತಿದ್ರಿ...

ಸಾಕಾಗೇತ್ರಿ ವೈನಿ. ನಡದ ಸಾಕಾಗಿಲ್ಲ. ಇದಾ, ಈ ನಡದಂಗ ಮಾಡೂದು ಸಾಕಾಗೇತಿ. ಊರ ಮಂದಿ ನನ್ನ ಕಂಡ್ರ ಕೈ ಮುಗಿಯೂದು ಸಾಕಾಗೇತಿ.

ಆ ಡಾಕ್ಟರ್ ತನ್ನ ಹೊಟ್ಟಿ ಮ್ಯಾಲೆ ಕೈ ಬಟ್ಟಲೆ ಗೆರಿ ಎಳದು ತೋರಿಸಿದ್ರಲ್ರಿ... ಇಲ್ಲಿಂದ ಹಿಂಗ ಬಂದು, ಹಿಂಗ ಹೊಳ್ಳಿ, ಇಲ್ಲೀ ತನಕ. ನೀವು ಅಣ್ಣನ ಮಾರಿ ನೋಡಾಕತ್ತಿದ್ರಿ. ನಾ ಆ ಬಟ್ಟ ನೋಡಾಕತ್ತಿದ್ನಿ. ಅವತ್ತಿಂದ ಕಣ್ಣ ಮುಚ್ಚಿದ್ರ ಅದ ಬಟ್ಟ ಕಾಣಸ್ತೈತಿ. ನಾನೂ ಸಾಯಬೋದೇನ್ರಿ ಅಂತ ಕೇಳಬೇಕಂದ್ನಿ, ಅಣ್ಣ ಬಾಜೂಕ ಕುಂತಿದ್ದಾ. ಹೆಂಗ ಕೇಳ್ಲಿ? ಒಲ್ಲೆ ಅಣ್ಣಾ, ನನಗ ಅಂಜಿಕಿ ಬರತೈತಿ ಅಂತ ಅವನ ಮಾರಿ ನೋಡಿ ಹೇಳಾಕ ನನಗ ಬಾಯಿ ಇಲ್ರಿ. ಅದಕ್ಕ... ಹೊಟ್ಟಿನ ಹೇಳ್ಲಿ ಅಂತ ಬಿಟ್ನಿ. ಡಾಕ್ಟರ್ ಬ್ಯಾಡಂದ್ರ ನಾ ಕೆಟ್ಟವ ಆಗೂದಿಲ್ಲಲ್ಲ. ಪಾಪ, ಹುಡುಗ ಭಾಳ ಒದ್ಯಾಡಿದಾ, ದೈವಿಲ್ಲ ಅಂತಾರ ಮಂದಿ.

ಕಾಟಾದ ಮ್ಯಾಲೆ ಆ ಅಂಕಿ ನೋಡಿದಾಗ ಏನಾತು ಗೊತ್ತೇನ್ರಿ? ನಂಬಾಕ ಆಗದ್ದು ತೂಕ ಏರಿದ್ದಲ್ರಿ, ವೈನಿ. ಖುಷಿ ಆತ್ರಿ ನನಗ. ಹಮಾಲರು ನಗಾಕತ್ತಿದ್ರು, ನಾನೂ ನಕ್ನಿ, ಎದಿ ಮ್ಯಾಲಿನ ಚೀಲ ಇಳಿಸಿದಂಗಾತು. ಬದಕಿದ್ನಿ ಅನಿಸ್ತು. ಹಂಗ ಅನಿಸ್ತು, ಬಸ್ ಹತ್ತಿದ್ನಿ, ಅರ್ಧಾ ದಾರಿ ಬರೂದ್ರಾಗ ಅಣ್ಣನ ಮಾರಿ ಕಣ್ಣ ಮುಂದ ಬಂತು, ಆ ಖುಷಿ ನನಗ ಹೇಸಿಗಿ ಅನಿಸ್ತು...

ಇಳಿಸ್ತೀನ್ರಿ. ಇಳಿಸ್ತೀನಂತ ನಾ ಅಂದ್ರ ನೀವು ನಂಬತೀರೇನು? ನನ್ನ ಮ್ಯಾಲೆ ನನಗ ನಂಬಿಕಿಲ್ಲ. ಆದ್ರ ಅಣ್ಣಗ ಅಷ್ಟ ವ್ಯಾಳ್ಯಾ ಎಲ್ಲೈತಿ? ಅದನ್ನೂ ನಾನ ತಿಂದೀನಲ್ಲ.

ಒಂದ ಕೇಳ್ಲೇನ್ರಿ? ಸಿಟ್ಟಾಗಬ್ಯಾಡ್ರಿ. ಎಲ್ಲಾರಕಿಂತ ಮೊದಲ ನಿಮ್ಮ ರಕ್ತ ತಗಸಿದ್ರಲ್ಲ, ನಿಮ್ದು ಕೂಡೂದಿಲ್ಲ ಅಂದಾಗ ನೀವು ದವಾಖಾನಿ ಗ್ವಾಡಿಗೆ ತಲಿ ಹಚ್ಚಿ ಅತ್ರಿ. ನಾ ಅಲ್ಲೆ ನಿಂತಿದ್ನಿ. ಆ ಅಳೂದ್ರಾಗ ಒಂದ ಚೂರು... ಒಂದ ಸಾಸಿವಿ ಕಾಳಿನಷ್ಟು... ಸದ್ಯ ನಾ ಪಾರಾದ್ನಿ ಅಂತ ಇದ್ದಿಲ್ಲೇನ್ರಿ? ಇತ್ತು ಅನ್ರಿ. ಸುಳ್ಳರ ಅನ್ರಿ...

ಇದ್ದಿಲ್ಲ ಅಂತ ತಲಿ ಅಳ್ಳಾಡಸ್ತೀರಲ್ಲ.

ಎಲ್ಲಿ ಹೊಂಟ್ರಿ? ಅಣ್ಣ ಕರದಿಲ್ರಿ, ನಾ ಕಿವಿ ಕೊಟ್ಟ ಕೇಳಾಕತ್ತೀನಿ, ಕರದಿಲ್ಲ. ವೈನಿ... ಒಳಗ ಹೋಗಬ್ಯಾಡ್ರಿ, ಒಂದ ಮಾತ ಹೇಳಿ ಹೋಗ್ರಿ. ನಿಮ್ಮ ರಕ್ತ ಕೂಡಿ, ಮತ್ತ ನನಗ ಬಂದಂಥಾ ಅಂಜಿಕಿ ನಿಮಗ ಬಂದಿದ್ರ... ನೀವು ಏನ್ ಮಾಡ್ತಿದ್ರಿ?