ಕೆಂಪು ಗುಂಡಿಯ ವೈರಿಂಗ್

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಬಿಡುವು ಮಾಡಿಕೊಂಡು ಬಂದಿರುವ ಅತಿಥಿಗಳೇ, ನಾವೆಲ್ಲ ಸೇರಿ ನಡೆಸುವ ಈ ವರ್ಕ್‌ಶಾಪಿನ ಸದಸ್ಯರೇ, ಅವರನ್ನು ಮನೆಗೆ ಕರೆದೊಯ್ಯಲು ಬಂದು ಇಲ್ಲಿ ಸಿಕ್ಕಿಹಾಕಿಕೊಂಡಿರುವ ಮನೆಮಂದಿಯೇ, ಸಭಿಕರೇ,

ವಾರ್ಷಿಕೋತ್ಸವದ ಈ ದಿನ ನನಗೆ ಸನ್ಮಾನ ಮಾಡುತ್ತಿದ್ದೀರಿ. ಕಾರಣವನ್ನು ಕಾರ್ಯದರ್ಶಿಗಳು ಈಗಷ್ಟೇ ಓದಿದರು: "ಸ್ವಂತ ಕೈಯಿಂದ ಸಿಎನ್‌ಸಿ ಯಂತ್ರ ಕಟ್ಟಿ, ಅದನ್ನು ಸುರಕ್ಷಿತವಾಗಿ ಬಳಸುವ ನಿಯಮಗಳನ್ನು ಬರೆದುಕೊಟ್ಟದ್ದಕ್ಕಾಗಿ." ನಿಯಮಗಳು ಗೋಡೆಯ ಮೇಲಿವೆ. ಹನ್ನೊಂದಿವೆ. ಮರದ ತುಂಡಿಗೆ ಕ್ಲ್ಯಾಂಪ್ ಹಾಕಿ ಬಿಗಿಯಿರಿ, ಕಣ್ಣಿಗೆ ಕನ್ನಡಕ ಇರಲಿ, ಕೈಗವಸು ಬೇಡ, ಯಂತ್ರ ಓಡುತ್ತಿರುವಾಗ ಚಹಾಕ್ಕೆ ಹೋಗಬೇಡಿ. ಕೊನೆಯದನ್ನು ಯಾರೂ ಪಾಲಿಸುವುದಿಲ್ಲವೆಂದು ನನಗೆ ಗೊತ್ತು. ಚಹಾದಂಗಡಿಯಲ್ಲಿ ನಾನೂ ಇರುತ್ತೇನಲ್ಲ!

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಕಂಪ್ಯೂಟರಿನಲ್ಲಿ ಚಿತ್ರ ಬರೆದುಕೊಟ್ಟರೆ ಅದೇ ಆಕಾರಕ್ಕೆ ಮರ ಕೊರೆಯುವ ಯಂತ್ರವಿದು. ಕಂಪನಿಯದನ್ನು ಕೊಳ್ಳುವ ತಾಕತ್ತು ನಮಗಿರಲಿಲ್ಲ. ನಾನು ನಲವತ್ತು ವರ್ಷ ಮನೆಗಳಿಗೆ ವೈರಿಂಗ್ ಮಾಡಿದ ಎಲೆಕ್ಟ್ರಿಷಿಯನ್. ಹಳೆಯ ಪ್ರಿಂಟರಿನ ಮೋಟಾರು, ಯಾರೋ ಬಿಸಾಡಿದ ಮಂಚದ ಕಬ್ಬಿಣ, ನಮ್ಮ ಅಡುಗೆಮನೆಯ ಡ್ರಾಯರಿನ ಹಳಿ, ಎಲ್ಲ ಸೇರಿಸಿ ಕಟ್ಟಿದೆ. "ಇನ್ನು ಚಮಚ ಬೇಕಾದ್ರೆ ನಿಮ್ಮ ವರ್ಕ್‌ಶಾಪಿಗೇ ಬರ್ಬೇಕೇನ್ರಿ?" ಎಂದಳು ನನ್ನ ಹೆಂಡತಿ. ಯಂತ್ರ ಮೊದಲ ಸಲ ದುಂಡಗೆ ಒಂದು ಚಕ್ರ ಕೊರೆದಾಗ ನಾನು ಅತ್ತುಬಿಟ್ಟೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಹಾಗೆ. ಮಕ್ಕಳು ಹುಟ್ಟಿದಾಗ ಕೂಡ ಅತ್ತಿರಲಿಲ್ಲ. ಅದನ್ನು ಹೆಂಡತಿ ಕೂತಿರುವಾಗ ಹೇಳಬಾರದಿತ್ತು.

ನಾನೊಬ್ಬನೇ ಬಳಸುತ್ತಿದ್ದಾಗ ಒಂದು ಗೀರೂ ಆಗಲಿಲ್ಲ. ಯಾಕೆ ಹೇಳಿ? ಅದರ ಒಂದೊಂದು ಕೆಟ್ಟ ಗುಣವೂ ನನಗೆ ಗೊತ್ತಿತ್ತು. ಕೆಂಪು ಗುಂಡಿಯನ್ನೇ ತೆಗೆದುಕೊಳ್ಳಿ, ಅಪಾಯವೆನಿಸಿದರೆ ಒತ್ತುವ ಗುಂಡಿ. ಅದನ್ನು ಒತ್ತಿದರೆ ಮರ ಕೊರೆಯುವ ಅಲಗು, ಅಂದರೆ ಕಟರ್, ಅತ್ತಿತ್ತ ಓಡಾಡುವುದು ನಿಲ್ಲುತ್ತಿತ್ತು, ಗಿರಗಿರ ತಿರುಗುವುದು ನಿಲ್ಲುತ್ತಿರಲಿಲ್ಲ. ತಿರುಗುವ ಮೋಟಾರಿಗೆ ಕರೆಂಟು ಗೋಡೆಯ ಸ್ವಿಚ್ಚಿನಿಂದ ಬೇರೆಯಾಗಿ ಬರುತ್ತಿತ್ತು. ಹಾಗಾಗಿ ನಾನು ಬಲಗೈಯಿಂದ ಗುಂಡಿ ಒತ್ತಿ ಎಡಗೈಯಿಂದ ಸ್ವಿಚ್ಚು ಆರಿಸುತ್ತಿದ್ದೆ. ಎರಡನ್ನೂ ಒಂದೇ ಗುಂಡಿಗೆ ಸೇರಿಸುವುದು ಅರ್ಧ ದಿನದ ಕೆಲಸ. ಆಮೇಲೆ ಮಾಡೋಣ ಎಂದುಕೊಂಡೆ, ಮರೆತೆ. ಹತ್ತು ಜನರ ಕೈಗೆ ಯಂತ್ರ ಕೊಟ್ಟಾಗ ನನ್ನ ಎಡಗೈ ಮಾಡುವ ಕೆಲಸವನ್ನು ಯಾರಿಗೂ ಹೇಳಲಿಲ್ಲ. ಅದು ಅಷ್ಟು ಅಭ್ಯಾಸವಾಗಿಹೋಗಿತ್ತು.

ನಮ್ಮ ಆಟಿಕೆ ಅಕ್ಕನನ್ನು ನೀವೆಲ್ಲ ಬಲ್ಲಿರಿ. ಮರದ ರೈಲು, ಕುದುರೆ ಮಾಡುವವರು. ಎರಡು ತಿಂಗಳ ಹಿಂದೆ ಅವರು ಚಕ್ರ ಕೊರೆಯುತ್ತಿದ್ದಾಗ ತುಂಡೊಂದು ಸಡಿಲವಾಯಿತು. ಗುಂಡಿ ಒತ್ತಿದರು. ಕಟರ್ ನಿಂತಲ್ಲೇ ನಿಂತಿತು. ಪಕ್ಕದಲ್ಲಿ ಧೂಳು ಎಳೆಯುವ ಯಂತ್ರ ಗಂಟಲು ಹರಿಯುವ ಹಾಗೆ ಕೂಗುತ್ತಿರುವಾಗ ಕಟರಿನ ಸದ್ದು ಯಾರಿಗೆ ಕೇಳಬೇಕು? ಅಷ್ಟು ಜೋರಾಗಿ ತಿರುಗುವ ಸಣ್ಣ ಕಟರ್ ನಿಂತಂತೆಯೇ ಕಾಣುತ್ತದೆ. ತುಂಡು ತೆಗೆಯಲು ಕೈಹಾಕಿದರು. ಎರಡು ಬೆರಳ ತುದಿ ಹೋಯಿತು.

ವಿಚಾರಣೆ ನಡೆಯಿತು. "ನಾನು ಗುಂಡಿ ಒತ್ತಿದ್ದೆ" ಎಂದರು ಅಕ್ಕ. "ಗುಂಡಿ ಸರಿ ಇದೆಯೇನ್ರೀ?" ಎಂದು ಅಧ್ಯಕ್ಷರು ನನ್ನನ್ನು ಕೇಳಿದರು. "ಗುಂಡಿ ಸರಿಯಾಗೇ ಇದೆ ಸಾರ್" ಎಂದೆ. ಸುಳ್ಳಲ್ಲ ನೋಡಿ! ಗುಂಡಿ ಸರಿಯಾಗೇ ಇತ್ತು. ವೈರಿಂಗ್ ಬಗ್ಗೆ ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ವರದಿಯಲ್ಲಿ "ಸದಸ್ಯೆಯ ಅಜಾಗರೂಕತೆ" ಎಂದು ಬರೆದರು, ಅವರ ಸದಸ್ಯತ್ವವನ್ನು ತಡೆಹಿಡಿದರು. ಮುಂದಿನ ಭಾನುವಾರ ನಾನೊಬ್ಬನೇ ಬಂದು ವೈರಿಂಗ್ ಬದಲಿಸಿದೆ. ಅದೇ ವಾರ ಈ ಹನ್ನೊಂದು ನಿಯಮ ಬರೆದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಯಾರೂ ಏನೂ ಅನ್ನುವ ಮೊದಲೇ ಮುಟ್ಟಿಕೊಂಡೆ. ಅದಕ್ಕೆ ನೀವು ಸನ್ಮಾನ ಮಾಡುತ್ತಿದ್ದೀರಿ! ನಾಚಿಕೆಯಾಗುತ್ತದೆ ನನಗೆ.

ಆಹ್ವಾನ ಪತ್ರಿಕೆ ಕೈಗೆ ಬಂದ ದಿನವೇ ಅಕ್ಕನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. ಇಷ್ಟೇ ಹೇಳಿದರು: "ಬಾಗಿಲು ಹಾಕ್ಕೊಂಡು ನನ್ನ ಹತ್ರ ಹೇಳಿದ್ರೆ ಏನು ಬಂತು ಅಣ್ಣಾ? ನಾಲ್ಕು ಜನರ ಮುಂದೆ ಬರೆದಿದ್ದು, ನಾಲ್ಕು ಜನರ ಮುಂದೆ ಹೇಳಿ. ನನ್ನ ಮಗಳೂ ಕೇಳ್ಲಿ. ಕೈಗೆ ಬಟ್ಟೆ ಕಟ್ಟುವಾಗೆಲ್ಲ, 'ಸ್ವಲ್ಪ ನೋಡ್ಕೊಂಡು ಮಾಡ್ಬಾರ್ದಿತ್ತಾ ಅಮ್ಮಾ' ಅಂತಾಳೆ. ಕೇಳೀ ಕೇಳೀ ನನಗೇ ನನ್ನ ಮೇಲೆ ಅನುಮಾನ ಬಂದ್ಬಿಟ್ಟಿದೆ."

ಅಧ್ಯಕ್ಷರೇ, ಸನ್ಮಾನದ ಫಲಕ ನಿಮ್ಮ ಮೇಜಿನ ಮೇಲೇ ಇರಲಿ. ಆ ವರದಿಯನ್ನು ತಿದ್ದಿ. ತಪ್ಪು ಯಂತ್ರ ಕಟ್ಟಿದವನದು ಎಂದು ಬರೆಯಿರಿ, ನಾನು ಸಹಿ ಹಾಕುತ್ತೇನೆ. ಅಕ್ಕನ ಸದಸ್ಯತ್ವವನ್ನು ಇವತ್ತೇ ಮರಳಿಸಿ.

ಮೂರನೆಯ ಸಾಲಿನಲ್ಲಿ ಅಮ್ಮನ ಪಕ್ಕ ಕೂತಿದ್ದೀಯಲ್ಲ ಮಗಳೇ, ನಿನಗೊಂದು ಮಾತು. ನಿನ್ನಮ್ಮ ನೋಡಿಕೊಂಡೇ ಮಾಡಿದರು. ಒತ್ತಬೇಕಾದ ಗುಂಡಿಯನ್ನೇ, ಒತ್ತಬೇಕಾದ ಹೊತ್ತಿಗೇ ಒತ್ತಿದರು. ಅದು ಒತ್ತಿದಾಗ ಎಲ್ಲವೂ ನಿಲ್ಲುವಂತೆ ಮಾಡುವುದು ನನ್ನ ಕೆಲಸವಾಗಿತ್ತು. ನಾನು ಮಾಡಿರಲಿಲ್ಲ.

ದಯವಿಟ್ಟು ಚಪ್ಪಾಳೆ ಬೇಡ. ಎದ್ದುಹೋಗದೆ ಕೊನೆಯವರೆಗೆ ಕೇಳಿದಿರಿ, ಅಷ್ಟಕ್ಕೆ ನಿಮಗೆಲ್ಲ ಋಣಿ. ನಮಸ್ಕಾರ.